ಕಿಂಞಣ್ಣ ಅನ್ನುವ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಕನ ಎರಡನೇ ಮಗನಿಗೆ ಕಿಂಞಣ್ಣ ಅಂತ ಹೆಸರಿಟ್ಟು ನಾಲ್ಕು ವರ್ಷ ಆಯ್ತು. ಅವತ್ತಿಂದ ಮದುವೆ ಮನೆಯಲ್ಲಿ, ಕುಂಬಳೆ ಬಸ್ಸಲ್ಲಿ, ಡಾಕ್ಟ್ರ ಕ್ಯೂನಲ್ಲಿ, ವಾಟ್ಸಾಪಲ್ಲಿ ಜನ ಕೇಳಿದ್ದೇ ಕೇಳ್ತಾರೆ, ನಾನು ಹೇಳಿದ್ದೇ ಹೇಳಿ ಹೇಳಿ ಬಾಯಿ ಸೋತುಹೋಯ್ತು. ಹಾಗಾಗಿ ಒಂದ್ಸಲ ಕೂತು ಎಲ್ಲ ಬರೆದಿಡುವ ಅಂತ ಆಯ್ತು, ಇನ್ನು ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸಿಬಿಡ್ತೇನೆ. ನಾವು ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯವರು, ಮನೆಮಾತು ತುಳು, ಕಲಿತದ್ದು ಕನ್ನಡ ಮೀಡಿಯಂ, ಆಫೀಸಿಗೆ ಹೋದ್ರೆ ಮಲಯಾಳ. ಈ ಮೂರರ ನಡುವೆ ಸಿಕ್ಕಿಕೊಂಡ ಹೆಸರು ಇದು, ಅದಕ್ಕೇ ಇಷ್ಟೆಲ್ಲ ಪಂಚಾತಿಕೆ.

ಇದು ನಿಜವಾಗಿಯೂ ಹೆಸರಾ, ಅಲ್ಲ ಮನೆಯಲ್ಲಿ ಕೊಂಡಾಟಕ್ಕೆ ಕರೆಯೋದಾ?

ಮೊದಲು ಕರೆಯೋ ಹೆಸರೇ, ಆಮೇಲೆ ರೆಕಾರ್ಡಿಗೆ ಹತ್ತಿದ್ದು. ನಮ್ಮ ಅಜ್ಜನ ಕಥೆಯೇ ಹಾಗೆ. ಅಜ್ಜ ಅಂದ್ರೆ ಅಮ್ಮನ ಸೋದರಮಾವ, ನಮ್ಮಲ್ಲಿ ಮನೆಗೆ ಯಜಮಾನ ಅವರೇ. ಜಾತಕದಲ್ಲಿ ಅವರಿಗೆ ಬೇರೆ ಯಾವುದೋ ದೇವರ ಹೆಸರು ಇತ್ತಂತೆ, ಶಾಲೆಗೆ ಸೇರಿಸ್ಲಿಕ್ಕೆ ಕರ್ಕೊಂಡು ಹೋದದ್ದು ಅವರ ದೊಡ್ಡ ಮಾವ, ಮಾಸ್ಟ್ರು ಹುಡುಗನ ಹೆಸರೆಂತ ಅಂತ ಕೇಳಿದ್ದಕ್ಕೆ ಮಾವನ ಬಾಯಿಗೆ ಬಂದದ್ದು ದಿನಾ ಮನೆಯಲ್ಲಿ ಕೇಳ್ತಿದ್ದ ಹೆಸರು, ಮಾಸ್ಟ್ರು ಅದನ್ನೇ ಬರ್ಕೊಂಡ್ರು, ಮುಗೀತು. ಜಾತಕದ ಹೆಸರು ಮತ್ತೆ ಒಂದೇ ಸಲ ಹೊರಗೆ ಬಂದದ್ದು, ಮದುವೆಗೆ ಕೂಡಿ ಬರ್ತದಾ ಅಂತ ನೋಡುವಾಗ.

ಈ ಕಡೆ ಹಳೇ ಹೆಸರುಗಳಲ್ಲಿ ತುಂಬ ಇದೇ ತರ ಒಳಗಿಂದ ಹೊರಗೆ ಬಂದದ್ದು.

ಅರ್ಥ ಎಂತ?

ತುಳುವಲ್ಲಿ ಕಿಞ್ಞ ಅಂದ್ರೆ ಚಿಕ್ಕ. ಅಣ್ಣ ಅಂದ್ರೆ ಅಣ್ಣ. ಚಿಕ್ಕಣ್ಣ, ಅಷ್ಟೇ.

ದಯವಿಟ್ಟು ಸಂಸ್ಕೃತದ ಮೂಲ ಹುಡುಕ್ತಾ ಕೂರಬೇಡಿ ಮಾರಾಯ್ರೆ. ನಾಮಕರಣದ ದಿವಸವೇ ಒಬ್ರು ಊಟಕ್ಕೆ ಕೂತಲ್ಲಿ 'ಕಿಂ' ಅಂದ್ರೆ ಏನು, 'ಜ್ಞ' ಅಂದ್ರೆ ತಿಳಿದವ, ಏನನ್ನೋ ತಿಳಿದ ಅಣ್ಣ ಅಂತ ಪಾಯಸ ಬರುವವರೆಗೆ ವಿವರಿಸಿದ್ರು, ಸುತ್ತ ಕೂತವರೆಲ್ಲ ತಲೆ ಆಡಿಸಿದ್ರು. ಕೇಳ್ಲಿಕ್ಕೆ ಚಂದ ಉಂಟು. ಆದ್ರೆ ಅದು ಞ, ಜ್ಞ ಅಲ್ಲ.

ಉಚ್ಚಾರ ಹೇಗೆ?

ಇದೇ ನೋಡಿ ದೊಡ್ಡ ಪ್ರಶ್ನೆ. ಒಂದನೇ ಕ್ಲಾಸಲ್ಲಿ ಎಲ್ರೂ ಚ ಛ ಜ ಝ ಞ ಅಂತ ಬೊಬ್ಬೆ ಹಾಕಿ ಬಾಯಿಪಾಠ ಮಾಡಿದವರೇ. ಆದ್ರೆ ಆ ಸಾಲಿನ ಕೊನೇ ಅಕ್ಷರ ಆಮೇಲೆ ಯಾರ ಕಣ್ಣಿಗೂ ಬೀಳೋದಿಲ್ಲ, ಪಂಚ, ಮಂಜು, ಅಂಚೆ ಎಲ್ಲದಕ್ಕೂ ನಾವು ಸೊನ್ನೆ ಹಾಕಿ ಮುಗಿಸ್ತೇವೆ. ಜ್ಞಾನ, ವಿಜ್ಞಾನದಲ್ಲಿ ಜ ಕೆಳಗೆ ಒತ್ತಾಗಿ ಕೂತಿರೋದು ಇದೇ ಞ, ಆದ್ರೆ ಅದನ್ನೂ ನಾವು ಗ್ನಾನ ಅಂತ ಹೇಳಿ ಅದರ ಸದ್ದು ನುಂಗಿಬಿಡ್ತೇವೆ. ಹಾಗಾಗಿ ಬೆಂಗಳೂರು ಮೈಸೂರು ಕಡೆಯವರಿಗೆ ಈ ಅಕ್ಷರ ಗೋಡೆಗೆ ಹಾಕಿದ ವರ್ಣಮಾಲೆ ಚಾರ್ಟಿನದ್ದು, ನಮಗೆ ದಿನಾ ಬಾಯಲ್ಲಿ ಇರುವಂಥದ್ದು.

ಸುಲಭ ದಾರಿ ಹೇಳ್ತೇನೆ. ಮಲಯಾಳದವರು ಗಂಜಿಗೆ ಎಂತ ಹೇಳ್ತಾರೆ, ಕಞ್ಞಿ. ಅದನ್ನ ಹೇಳಿ ನೋಡಿ. ನಾಲಗೆಯ ತುದಿ ಅಲ್ಲ, ನಡುಭಾಗ ಮೇಲೆ ಅಂಗುಳಿಗೆ ತಾಗಬೇಕು, ಗಾಳಿ ಮೂಗಿಂದ ಹೋಗ್ಬೇಕು. ಜ ಹೇಳ್ಲಿಕ್ಕೆ ಹೊರಟು ಮೂಗಿಗೆ ತಿರುಗಿಸಿದ ಹಾಗೆ. ಬಂತಲ್ಲ, ಈಗ ಕಿ ಹಾಕಿ ಹಿಂದೆ ಅಣ್ಣ ಸೇರಿಸಿ.

ಬರಲೇ ಇಲ್ಲ ಅಂದ್ರೆ ಕಿನ್ಯಣ್ಣ ಅಂತ ಹೇಳಿ, ಮಂಗಳೂರು ಕಡೆ ತುಳುವರಲ್ಲೇ ಸುಮಾರು ಜನ ಹಾಗೆ ಹೇಳ್ತಾರೆ, ಬೇಜಾರಿಲ್ಲ. ಕಿನ್ಹಣ್ಣ, ಕಿಂಜಣ್ಣ, ಕಿಂಗಣ್ಣ ಮಾತ್ರ ಬೇಡ. ಕಿಂಗಣ್ಣ ಅಂತ ಕರೆದವರು ಒಬ್ರು ನಿಜವಾಗಿ ಇದ್ದಾರೆ, ಹುಡುಗನಿಗೆ ಅದು ಭಾರೀ ಖುಷಿ, ನಮಗಲ್ಲ.

ಕಿಂಞಣ್ಣ ಅಂತ ಬರೀಬೇಕಾ, ಕಿಞ್ಞಣ್ಣ ಅಂತಾ?

ಎರಡೂ ಸರಿ, ಎರಡೂ ಓದ್ಲಿಕ್ಕೆ ಒಂದೇ. ಸೊನ್ನೆ ಅದರ ಮುಂದಿನ ಅಕ್ಷರ ಯಾವ ವರ್ಗದ್ದೋ ಆ ವರ್ಗದ ಅನುನಾಸಿಕದ ಸದ್ದು ತಗೊಳ್ತದೆ, ಞ ಮುಂದೆ ಬಂದ್ರೆ ಞ ಸದ್ದೇ. ನಾನು ಸೊನ್ನೆ ಹಾಕೋದು ಯಾಕಂದ್ರೆ ಞ್ಞ ಒತ್ತು ಕೆಲವು ಹಳೇ ಫೋನಲ್ಲಿ ಒಡೆದು ಎರಡು ಅಕ್ಷರ ಬೇರೆ ಬೇರೆ ಕಾಣ್ತದೆ. ಶಬ್ದವಾಗಿ ಬರೆಯುವಾಗ ಕಿಞ್ಞ, ಹೆಸರು ಬರೆಯುವಾಗ ಕಿಂಞಣ್ಣ, ಇದು ನನ್ನದೇ ಅಭ್ಯಾಸ, ಇದಕ್ಕೆ ರೂಲ್ ಇಲ್ಲ.

ಟೈಪ್ ಮಾಡುವಾಗ ತುಂಬ ಜನ ಜ್ಞ ಒತ್ತಿಬಿಡ್ತಾರೆ, ಕಿಜ್ಞಣ್ಣ ಆಗ್ತದೆ. ಬೆಂಗಳೂರಿಂದ ಬಂದ ಒಂದು ಕಾರ್ಯಕ್ರಮದ ಇನ್ವಿಟೇಶನ್‌ನಲ್ಲಿ ನಮ್ಮ ಅಜ್ಜನ ಹೆಸರು ಹಾಗೇ ಪ್ರಿಂಟ್ ಆಗಿತ್ತು. ಅಜ್ಜ ಕನ್ನಡಕ ಹಾಕಿ ನೋಡಿ, ಪೆನ್ನು ತಗೊಂಡು, ಜ ಮೇಲೆ ಒಂದು ಗೀಟು ಎಳೆದು ಮಡಚಿ ಇಟ್ರು. ಆ ಕಾಗದ ಈಗ್ಲೂ ಕಪಾಟಲ್ಲಿ ಉಂಟು.

ಇಂಗ್ಲಿಷಲ್ಲಿ ಸ್ಪೆಲಿಂಗ್?

ಕೆ ಐ ಎನ್ ಎಚ್ ಎ ಎನ್ ಎನ್ ಎ. ಎನ್ ಹಿಂದೆ ಎಚ್ ಯಾಕೆ ಅಂತ ಮುಂದಿನ ಪ್ರಶ್ನೆ ಬರ್ತದೆ, ಗೊತ್ತು. ಕೇರಳದ ಬಡಗು ಮಲಬಾರಲ್ಲಿ ಞ್ಞ ಸದ್ದಿಗೆ ಇಂಗ್ಲಿಷಲ್ಲಿ ಎನ್-ಎಚ್ ಹಾಕುವ ರೂಢಿ, ಕಾಞಂಗಾಡ್ ರೈಲ್ವೇ ಸ್ಟೇಶನ್ ಬೋರ್ಡ್ ನೋಡಿ, ಕುಂಞಿರಾಮನ್‌, ಕುಂಞಂಬು ಅಂತ ಹೆಸರಿರುವ ಯಾರ ಸಹಿ ಬೇಕಾದ್ರೂ ನೋಡಿ. ಪೋರ್ಚುಗೀಸ್ ಭಾಷೆಯಲ್ಲೂ ಈ ಸದ್ದಿಗೆ ಎನ್-ಎಚ್ಚೇ ಬರೆಯೋದು. ತೆಂಕಲಿಗೆ ಹೋದ ಹಾಗೆ ಅದೇ ಸದ್ದಿಗೆ ಎನ್-ಜೆ ಹಾಕ್ತಾರೆ, ಕಲ್ಲಿಕೋಟೆಯ ರಾಜ ಸಾಮೂತಿರಿಯ ನೌಕಾಪಡೆ ನಡೆಸಿದ ಕುಂಞಾಲಿ ಮರಕ್ಕಾರರ ಹೆಸರನ್ನ ಇಂಗ್ಲಿಷಲ್ಲಿ ನೋಡಿದ್ರೆ ಹೆಚ್ಚಾಗಿ ಎನ್-ಜೆ ಕಾಣೋದು. ಸದ್ದು ಒಂದೇ, ವೇಷ ಎರಡು. ಇದು ಗೊತ್ತಿಲ್ಲದೆ ಇಂಗ್ಲಿಷಿಂದ ಕನ್ನಡಕ್ಕೆ ಇಳಿಸುವವರು ಕುನ್ಹಿರಾಮನ್, ಕಾನ್ಹಂಗಾಡ್ ಅಂತೆಲ್ಲ ಬರೀತಾರೆ, ನೂರು ಕಿಲೋಮೀಟರೂ ಇಲ್ಲದ ಮಂಗಳೂರಲ್ಲಿ ಕೂತವರೂ ಬರೀತಾರೆ, ಅದು ನನಗೆ ತಡ್ಕೊಳ್ಳಿಕ್ಕೆ ಆಗೋದಿಲ್ಲ.

ಮಗುವಿನ ಕಾರ್ಡ್ ಮಾಡಿಸುವಾಗ ಆದ ಕಥೆಯೂ ಹೇಳಿಬಿಡ್ತೇನೆ. ಫಾರ್ಮಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಹಾಕಿದ ಕೂಡ್ಲೇ ಕಂಪ್ಯೂಟರ್ ಅದರಷ್ಟಕ್ಕೇ ಮಲಯಾಳಕ್ಕೆ ತಿರುಗಿಸಿ 'ಕಿನ್ಹನ್ನ' ಅಂತ ಮಾಡಿ ಇಟ್ಟಿತ್ತು, ಅಕ್ಕ ಮಗು ಅಳ್ತದೆ ಅಂತ ಗಡಿಬಿಡಿಯಲ್ಲಿ ಓಕೆ ಹೇಳಿ ಬಂದಿದ್ಲು, ಕಾರ್ಡ್ ಕೈಗೆ ಬಂದ ಮೇಲೆ ನೋಡಿದ್ರೆ ಹೀಗೆ. ಸರಿ ಮಾಡಿಸ್ಲಿಕ್ಕೆ ಮೂರು ಸಲ ಹೋದದ್ದು, ಮೂರನೇ ಸಲ ನಾನೂ ಹೋದೆ, ಕೌಂಟರಲ್ಲಿದ್ದ ಹುಡುಗ ಮಲಯಾಳಿ, ಕಣ್ಣೂರು ಕಡೆಯವನು. ನಾನು ಕಾಗದದಲ್ಲಿ ಕನ್ನಡದ ಞ ಬರೆದು ತೋರಿಸಿ ವಿವರಿಸ್ಲಿಕ್ಕೆ ಶುರು ಮಾಡಿದ್ದಷ್ಟೇ, ಅವನು ನಕ್ಕು, ಚೇಚೀ ಇದು ನಮ್ಮ ಕುಞ್ಞಿಯ ಞ ಅಲ್ವಾ ಅಂದ, ಎರಡು ನಿಮಿಷದಲ್ಲಿ ಸರಿ ಮಾಡಿಕೊಟ್ಟ.

ಹೊರಗೆ ಬಂದು ಅಕ್ಕ ಹೇಳಿದ್ದು ಇಷ್ಟೇ: ಕೇರಳದಲ್ಲಿ ಕನ್ನಡದ ಹೆಸರು ಉಳೀಲಿಕ್ಕಿಲ್ಲ ಅಂತ ಹೇಳ್ತಾರಲ್ಲ, ಈ ಹೆಸರನ್ನ ಸರಿಯಾಗಿ ಬರೀಲಿಕ್ಕೆ ಇವರಿಗೇ ಬರೋದು, ನಮ್ಮ ಬೆಂಗಳೂರಿನವರಿಗೆ ಬರೋದಿಲ್ಲ.

ಅಂದ್ರೆ ಇದು ಮಲಯಾಳದ ಹೆಸರಾ?

ಅಲ್ಲ. ಕಿಞ್ಞ ತುಳು, ಅಣ್ಣ ತುಳುವಲ್ಲೂ ಕನ್ನಡದಲ್ಲೂ ಇರುವಂಥದ್ದು. ಮಲಯಾಳದ ಕುಞ್ಞಿ ಇದರ ನೆರೆಮನೆಯ ಶಬ್ದ ಅಂತ ಇಟ್ಕೊಳ್ಳಿ, ಅರ್ಥ ಅದೇ, ಚಿಕ್ಕದು, ಮಗು. ಕುಂಞಿಕಣ್ಣನ್ ಅಂದ್ರೆ ಪುಟ್ಟ ಕೃಷ್ಣ, ಕುಂಞಿರಾಮನ್ ಅಂದ್ರೆ ಪುಟ್ಟ ರಾಮ. ಮಾಪಿಳ್ಳೆಯವರಲ್ಲಿ, ಬ್ಯಾರಿಗಳಲ್ಲಿ ಹೆಸರಿನ ಹಿಂದೆಯೂ ಬರ್ತದೆ, ಮೊಯ್ದೀನ್ ಕುಂಞಿ, ಅಬ್ದುಲ್ಲ ಕುಂಞಿ. ನಮ್ಮ ಊರಿನ ಹವ್ಯಕ ಬ್ರಾಹ್ಮಣರ ಮನೆಯಲ್ಲೂ ಚಿಕ್ಕ ಹುಡುಗನಿಗೆ ಕುಞ್ಞಿ ಮಾಣಿ ಅಂತಾರೆ. ಕಾಸರಗೋಡನ್ನ ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳಿ ಹೇಳಿ ಸವೆದುಹೋಗಿದೆ, ಆದ್ರೆ ಈ ಒಂದು ಅಕ್ಷರ ಹಿಡ್ಕೊಂಡು ಮನೆ ಮನೆ ಹತ್ತಿದ್ರೆ ಅದು ಸುಳ್ಳಲ್ಲ ಅಂತ ಗೊತ್ತಾಗ್ತದೆ.

ತುಳುವಲ್ಲಿ ಚಿಕ್ಕದಕ್ಕೆ ಎಲ್ಯ ಅಂತ ಇನ್ನೊಂದು ಶಬ್ದವೂ ಉಂಟು. ಅದರಿಂದ ಎಲ್ಯಣ್ಣ ಅಂತ ಹೆಸರು. ಅದೂ ಈಗ ಅಪರೂಪವೇ.

ಚಿಕ್ಕವನೂ ಹೌದು ಅಣ್ಣನೂ ಹೌದು, ಅದು ಹೇಗೆ?

ಇದನ್ನ ಕೇಳಿದವರಿಗೆ ನಾನು ಕಾಫಿ ಕೊಟ್ಟು ಕೂರಿಸಿ ಹೇಳ್ತೇನೆ, ಯಾಕಂದ್ರೆ ಹೆಸರಿನ ಜೀವ ಇರೋದೇ ಇಲ್ಲಿ.

ನಮ್ಮದು ಅಳಿಯಸಂತಾನದ ಮನೆ. ಅಂದ್ರೆ ಮನೆ, ಆಸ್ತಿ, ಬಳಿ (ಗೋತ್ರದ ಹಾಗೆ, ಕುಲದ ಗುರುತು) ಎಲ್ಲ ಹೆಂಗಸರ ಕಡೆಯಿಂದ ಇಳಿದು ಬರೋದು. ಅಜ್ಜ ಹುಟ್ಟಿದ ಕಾಲದಲ್ಲಿ ಅವರ ಅಮ್ಮ, ಅಮ್ಮನ ಅಕ್ಕ, ಇಬ್ರು ತಂಗಿಯರು, ಇವರಷ್ಟೂ ಜನ ಮಕ್ಕಳೊಟ್ಟಿಗೆ ಒಂದೇ ಮನೆಯಲ್ಲಿ, ಮಾವಂದಿರ ಕಾರ್ಬಾರಲ್ಲಿ. ಒಂದೇ ಚಾವಡಿಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುವ ಹದಿನೇಳು ಮಕ್ಕಳು. ಅಮ್ಮನ ಅಕ್ಕ ತಂಗಿಯರ ಮಕ್ಕಳು ನಮ್ಮಲ್ಲಿ ಕಸಿನ್ ಅಲ್ಲ, ಆ ಶಬ್ದವೇ ಇಲ್ಲ, ಅವರೂ ಸ್ವಂತ ಅಣ್ಣ ತಮ್ಮ ಅಕ್ಕ ತಂಗಿಯೇ. ಅಮ್ಮನ ಅಕ್ಕ ಮಲ್ಲಪ್ಪೆ, ದೊಡ್ಡಮ್ಮ, ಅಮ್ಮನ ತಂಗಿ ಕಿಞ್ಞಪ್ಪೆ, ಚಿಕ್ಕಮ್ಮ. ಈ ಲೆಕ್ಕದಲ್ಲಿ ನಾನೂ ಆ ಹುಡುಗನಿಗೆ ಕಿಞ್ಞಪ್ಪೆ, ನಮ್ಮಿಬ್ರ ಹೆಸರಲ್ಲೂ ಅದೇ ಞ.

ಈಗ ಯೋಚನೆ ಮಾಡಿ, ಒಂದು ಮನೆಯಲ್ಲಿ ಏಳು ಅಣ್ಣಂದಿರು. ಚಿಕ್ಕ ಹುಡುಗಿ ಒಬ್ಳು ಅಂಗಳದಿಂದ ಅಣ್ಣಾ ಅಂತ ಕೂಗಿದ್ರೆ ಏಳು ಜನ ಓ ಅಂತಾರೆ, ಅಥವಾ ಕೆಲಸ ಇದ್ರೆ ಏಳು ಜನವೂ ಓ ಅನ್ನೋದಿಲ್ಲ. ಅದಕ್ಕೆ ಎಲ್ಲಕ್ಕಿಂತ ದೊಡ್ಡವ ಮಲ್ಲಣ್ಣ, ಚಿಕ್ಕವ ಕಿಂಞಣ್ಣ, ನಡುವಿನವರಿಗೆ ಅವರವರ ಹೆಸರಿಗೆ ಅಣ್ಣ ಸೇರಿಸಿ. ಅಣ್ಣಂದಿರಲ್ಲಿ ಚಿಕ್ಕವ, ಆದ್ರೆ ಕರೆಯುವವಳಿಗಿಂತ ದೊಡ್ಡವ.

ಅಲ್ಲಿಗೆ ಒಂದು ವಿಷಯ ಗೊತ್ತಾಯ್ತಲ್ಲ, ಈ ಹೆಸರು ಇಡೋದು ಅಪ್ಪ ಅಮ್ಮ ಅಲ್ಲ, ಭಟ್ರೂ ಅಲ್ಲ. ಬೆನ್ನಿಗೆ ಹುಟ್ಟಿದ ತಂಗಿಯೋ ತಮ್ಮನೋ ಮಾತು ಕಲಿತು ಕರೆದ ಮೇಲೆ ಇದು ಹೆಸರಾಗೋದು. ಅಜ್ಜನಿಗೆ ಮೂರು ವರ್ಷ ಆಗುವವರೆಗೆ ಎಲ್ರೂ ಬಾಲೆ, ಅಂದ್ರೆ ತುಳುವಲ್ಲಿ ಮಗು, ಅಂತಲೇ ಕರೀತಿದ್ರಂತೆ.

ಎಂಬತ್ತೆರಡು ವಯಸ್ಸಲ್ಲೂ ಅವರು ಊರಿಗೆಲ್ಲ ಚಿಕ್ಕಣ್ಣನೇ. ಅವರ ಮೇಲಿನ ಅಣ್ಣಂದಿರು ಒಬ್ರೂ ಉಳಿದಿರ್ಲಿಲ್ಲ.

ಯಾವ ಜಾತಿಯವರ ಹೆಸರು ಇದು?

ಹೆಚ್ಚು ಕಾಣೋದು ಬಂಟರಲ್ಲಿ, ರೈ, ಶೆಟ್ಟಿ, ಆಳ್ವ ಅಂತ ಹಿಂದೆ ಇರ್ತದೆ. ಬಿಲ್ಲವರಲ್ಲೂ ಕಂಡಿದ್ದೇನೆ. ಕಿಞ್ಞ ಅನ್ನುವ ಶಬ್ದ ತುಳು ಮಾತಾಡುವ ಎಲ್ರದ್ದೂ, ಅಣ್ಣ ಇಲ್ಲದ ಜಾತಿ ಯಾವುದುಂಟು.

ಈ ಹೆಸರಿನ ಪ್ರಸಿದ್ಧರು ಯಾರಾದ್ರೂ?

ಒಬ್ರು ಸಾಕು, ಕಯ್ಯಾರ ಕಿಂಞಣ್ಣ ರೈ. ಹೊರಗಿನವರಿಗೆ ಈ ಹೆಸರು ಗೊತ್ತಿದ್ರೆ ಅದು ಅವರಿಂದಲೇ. 1915ರ ಜೂನ್ 8ಕ್ಕೆ ಹುಟ್ಟಿ 2015ರ ಆಗಸ್ಟ್ 9ಕ್ಕೆ ತೀರಿಹೋದ್ರು, ನೂರು ತುಂಬಿ ಎರಡು ತಿಂಗಳು. ಕವಿ, ಮಾಸ್ಟ್ರು, ಸ್ವಾತಂತ್ರ್ಯ ಹೋರಾಟದವರು, ಕೃಷಿಕರೂ ಹೌದು. ಪೆರಡಾಲದಲ್ಲಿ ಅವರ ಮನೆ ಕವಿತಾ ಕುಟೀರ, ನಮ್ಮಲ್ಲಿಂದ ದೂರ ಇಲ್ಲ.

1956ರ ನವೆಂಬರ್ 1ಕ್ಕೆ ರಾಜ್ಯಗಳು ಹೊಸತಾಗಿ ಆದಾಗ ಅಷ್ಟರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಕೇರಳಕ್ಕೆ ಹೋಯ್ತಲ್ಲ, ಆಮೇಲೆ ವಿಲೀನೀಕರಣಕ್ಕೆ ಹೋರಾಡಿದವರಲ್ಲಿ ಅವರು ಮುಂದೆ ಇದ್ದವರು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ವರದಿ ಕೊಟ್ಟಿತು, ಅದು ವರದಿಯಾಗಿಯೇ ಉಳಿದದ್ದು ಎಲ್ರಿಗೂ ಗೊತ್ತು. 1997ರಲ್ಲಿ ಮಂಗಳೂರಲ್ಲಿ ಆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಆಗ ಕರ್ನಾಟಕದವರೆಲ್ಲ ಆ ಅಕ್ಷರವನ್ನ ದೊಡ್ಡದಾಗಿ ಬ್ಯಾನರಲ್ಲಿ ನೋಡಿರ್ಬೇಕು.

ಅಕ್ಕನ ಮಗನಿಗೆ ಅವರ ಹೆಸರಿಟ್ಟದ್ದಾ ಅಂತ ಕೇಳ್ತಾರೆ. ಇಲ್ಲ, ನಮ್ಮ ಅಜ್ಜನದ್ದು. ಆದ್ರೆ ಹಾಗೆ ಅಂದ್ಕೊಂಡು ಮಗುವಿಗೆ ಐನೂರು ರೂಪಾಯಿ ಕೈಗೆ ಕೊಟ್ಟ ರಿಟೈರ್ಡ್ ಕನ್ನಡ ಮಾಸ್ಟ್ರೊಬ್ರನ್ನ ನಾವು ತಿದ್ಲಿಕ್ಕೆ ಹೋಗ್ಲಿಲ್ಲ.

ಈಗ ಈ ಹೆಸರು ಎಷ್ಟು ಚಾಲ್ತಿಯಲ್ಲುಂಟು?

ನೀವೇ ಲೆಕ್ಕ ಹಾಕಿ. ಈ ಹೆಸರು ನನಗೆ ಈಗ ಹೆಚ್ಚು ಕಾಣೋದು ಮದುವೆ ಕಾಗದದಲ್ಲಿ, 'ದಿ|' ಅಂತ ಇರ್ತದಲ್ಲ ಅದರ ಪಕ್ಕದಲ್ಲಿ. ಮದುಮಗನ ಅಜ್ಜ, ಇಲ್ಲ ಮದುಮಗಳ ಅಜ್ಜನ ಜಾಗದಲ್ಲಿ. ನಾನು ಹತ್ತು ವರ್ಷ ಓದಿದ ಶಾಲೆಯಲ್ಲಿ ಹಾಜರಿ ಕರೆಯುವಾಗ ಒಬ್ಬನೇ ಒಬ್ಬ ಕಿಂಞಣ್ಣ ಇರ್ಲಿಲ್ಲ, ಅಪ್ಪನ ಹೆಸರಿನ ಕಾಲಮಲ್ಲಿ ಇಬ್ರು ಇದ್ರು.

ಯಾಕೆ ಹೀಗಾಯ್ತು?

ಫ್ಯಾಶನ್ ಒಂದು ಕಾರಣ. ದೂಮಣ್ಣ, ಸಂಕಪ್ಪ, ಮೋನಪ್ಪ, ಕಾಂತಪ್ಪ, ಮಂಜಣ್ಣ ಎಲ್ಲ ಒಟ್ಟೊಟ್ಟಿಗೆ ಹೋದದ್ದು, ಅವರ ಮಕ್ಕಳು ಜಗನ್ನಾಥ, ವಿಶ್ವನಾಥ ಆದ್ರು, ಅವರ ಮಕ್ಕಳು ಸಂತೋಷ್, ಪ್ರಶಾಂತ್, ಈಗ ಅಂಗನವಾಡಿಗೆ ಹೋದ್ರೆ ಬಾಯಿ ಮುಚ್ಚದೆ ಹೇಳಬಹುದಾದ ಹೆಸರುಗಳೇ, ಆರವ್, ರಿಯಾನ್, ವಿಹಾನ್. ಬೊಂಬಾಯಿ ಇನ್ನೊಂದು ಕಾರಣ. ನಮ್ಮ ದೂರದ ಮಾವ ಒಬ್ರು ಇಲ್ಲಿಂದ ಕಿಂಞಣ್ಣ ಆಗಿ ಬಸ್ಸು ಹತ್ತಿ ಅಲ್ಲಿ ಹೋಟೆಲಲ್ಲಿ ಸೇಠ್‌ಗೆ ಹೆಸರು ಹೇಳ್ಲಿಕ್ಕೆ ಬರದೆ ಕಿಶನ್ ಆಗಿ, ಮೂವತ್ತು ವರ್ಷ ಕಿಶನ್ ಆಗಿಯೇ ಇದ್ರು.

ಆದ್ರೆ ಅಸಲು ಕಾರಣ ಅದಲ್ಲ ಅಂತ ನನಗೆ ಕಾಣ್ತದೆ. ಮನೆ ಒಡೆದದ್ದು. ಅಳಿಯಸಂತಾನದ ಕುಟುಂಬ ಪಾಲು ಮಾಡ್ಕೊಳ್ಳಿಕ್ಕೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ದಾರಿ ಮಾಡಿಕೊಟ್ಟಿತು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಮತ್ತೆ ನಾವು ಕೇರಳದವರಾದ ಕಾರಣ ಇಲ್ಲಿಯ 1975ರ ಕಾಯ್ದೆ ಕೂಡುಕುಟುಂಬವನ್ನೇ ರದ್ದು ಮಾಡಿತು, 1976ರ ಡಿಸೆಂಬರ್ 1ರಿಂದ ಅದು ಜಾರಿ, ಅದರಲ್ಲಿ ಅಳಿಯಸಂತಾನದ ಕುಟುಂಬ, ಕವರು (ಕುಟುಂಬದ ಕವಲು) ಅಂತ ನಮ್ಮನ್ನೂ ಸೇರಿಸಿದ್ದಾರೆ. ಒಳ್ಳೇದೋ ಕೆಟ್ಟದ್ದೋ ಅದು ಬೇರೆ ವಿಷಯ, ಅಮ್ಮನನ್ನ ಕೇಳಿದ್ರೆ ಹದಿನೇಳು ಮಕ್ಕಳಿಗೆ ಗಂಜಿ ಬೇಯಿಸಿದವರಿಗೆ ಗೊತ್ತು ಕೂಡುಕುಟುಂಬದ ಸುಖ ಅಂತ ಹೇಳ್ತಾಳೆ. ಆದ್ರೆ ಏಳು ಅಣ್ಣಂದಿರು ಇರುವ ಚಾವಡಿ ಹೋದ ಮೇಲೆ ಅದರಲ್ಲಿ ಚಿಕ್ಕವ ಯಾರು ಅಂತ ಕೇಳುವ ಅಗತ್ಯವೇ ಇಲ್ಲ. ಒಂದು ಮನೆ, ಒಂದೋ ಎರಡೋ ಮಕ್ಕಳು. ಅಣ್ಣಾ ಅಂದ್ರೆ ಓ ಅನ್ಲಿಕ್ಕೆ ಒಬ್ಬನೇ.

ಬೇರೆ ಊರಲ್ಲಿ ಇದೇ ಅರ್ಥದ ಹೆಸರು ಇಲ್ವಾ?

ಬೇಕಾದಷ್ಟು. ಚಿಕ್ಕಣ್ಣ, ಪುಟ್ಟಣ್ಣ, ಸಣ್ಣಪ್ಪ, ತೆಲುಗಲ್ಲಿ ಚಿನ್ನಯ್ಯ, ತಮಿಳಲ್ಲಿ ಚಿನ್ನತಂಬಿ. ನನಗೆ ತುಂಬ ಇಷ್ಟ ತಮ್ಮಣ್ಣ, ತಮ್ಮನೂ ಅಣ್ಣನೂ ಒಂದೇ ಮೈಯಲ್ಲಿ. ಮಲ್ಲಣ್ಣನ ವಿಷಯದಲ್ಲಿ ಮಾತ್ರ ಜಾಗ್ರತೆ, ನಮಗೆ ಅದು ದೊಡ್ಡಣ್ಣ, ಹುಬ್ಬಳ್ಳಿ ಕಡೆ ಹೋದ್ರೆ ಮಲ್ಲಿಕಾರ್ಜುನ.

ಹುಡುಗಿಯರಿಗೆ?

ಕಿಂಞಕ್ಕ. ಅದೂ ಉಂಟು, ಅದೇ ಲೆಕ್ಕ.

ನಕ್ಷತ್ರ ಪ್ರಕಾರ ಕಿ ಅಕ್ಷರ ಬರ್ತದಾ?

ಮೃಗಶಿರಾ ನಾಲ್ಕನೇ ಪಾದಕ್ಕೆ ಕಿ. ಅಕ್ಕನ ಮಗನದ್ದು ಅನುರಾಧಾ, ಹಾಗಾಗಿ ಜಾತಕಕ್ಕೆ ನ ಅಕ್ಷರದ ಹೆಸರು ಬೇರೆ ಇಟ್ಟಿದ್ದೇವೆ, ಅಜ್ಜನ ಹಾಗೆಯೇ. ಹರಿವಾಣದಲ್ಲಿ ಅಕ್ಕಿ ಹರಡಿ ಉಂಗುರದಲ್ಲಿ ಹೆಸರು ಬರೆಯುವಾಗ ಭಟ್ರು ಕಿ ಬರೆದು ಕೈ ಹಿಡಿದು ನಿಂತ್ರು, ಒಂದು ಗಳಿಗೆ ಆಲೋಚನೆ ಮಾಡಿ, ಞ ಹೇಗೆ ಸುರುಳಿ ಮಾರಾಯ್ತಿ ಅಂತ ನನ್ನನ್ನೇ ಕೇಳಿದ್ರು. ನಾನು ಅಕ್ಕಿಯ ಮೇಲೆ ಬೆರಳಲ್ಲಿ ತೋರಿಸಿದೆ. ಮೊದಲನೇ ಸಲ ಅಂತೆ ಅವರ ಸರ್ವೀಸಲ್ಲಿ.

ಬರ್ತ್ ಸರ್ಟಿಫಿಕೇಟಲ್ಲಿ ಹಾಕುವಾಗ ಎಂತ ನೋಡ್ಕೋಬೇಕು?

ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಹೆಸರಿಲ್ಲದೆ ರಿಜಿಸ್ಟರ್ ಆದ ಮಗುವಿಗೆ ಒಂದು ವರ್ಷದ ಒಳಗೆ ಫೀಸಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ ಹದಿನೈದು ವರ್ಷದವರೆಗೆ ಲೇಟ್ ಫೀಸ್ ಕಟ್ಟಿ. ಗಡಿಬಿಡಿ ಬೇಡ. ಹೆಸರಿಡುವ ಮೊದಲು ಮೂರು ಭಾಷೆಯಲ್ಲೂ ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಇಟ್ಕೊಳ್ಳಿ, ಕೌಂಟರಲ್ಲಿ ಬಾಯಲ್ಲಿ ಹೇಳ್ಲಿಕ್ಕೆ ಹೋಗ್ಬೇಡಿ, ಕಾಗದ ಕೊಡಿ. ಸ್ಕ್ರೀನ್ ತಿರುಗಿಸಿ ತೋರಿಸಿ ಅಂತ ಕೇಳಿ, ನಾಚಿಕೆ ಮಾಡ್ಬೇಡಿ. ಒಂದು ಕಡೆ ಎಚ್ ಹಾಕಿದ್ರೆ ಎಲ್ಲಾ ಕಡೆ ಎಚ್ ಇರ್ಲಿ, ಶಾಲೆಯಲ್ಲಿ ವೈ ಹಾಕಿ ಪಾಸ್‌ಪೋರ್ಟಲ್ಲಿ ಎಚ್ ಹಾಕಿದ್ರೆ ಹುಡುಗ ದೊಡ್ಡವನಾದ ಮೇಲೆ ನಿಮ್ಮನ್ನ ಬೈತಾನೆ.

ಅರ್ಜಿಯನ್ನ ಕನ್ನಡದಲ್ಲೇ ಕೊಡ್ಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ಅವರ ಪ್ರದೇಶದ ಆಫೀಸುಗಳಿಗೆ ಅವರ ಭಾಷೆಯಲ್ಲೇ ಬರೆಯುವ ಹಕ್ಕು ಉಂಟು. ಕೆಲವು ಕಡೆ ಮುಖ ಸೊಟ್ಟ ಮಾಡ್ತಾರೆ, ಮಾಡ್ಲಿ.

ಶಾಲೆಯಲ್ಲಿ ಮಕ್ಕಳು ತಮಾಷೆ ಮಾಡೋದಿಲ್ವಾ?

ಮಾಡ್ತಾರೆ. ಅಂಗನವಾಡಿಯಲ್ಲಿ ಮೊದಲ ವಾರವೇ ಟೀಚರು, ಇವನನ್ನ ನಾನು ಅಣ್ಣ ಅಂತ ಕರೀಬೇಕಾ, ನನಗೆ ಐವತ್ತೈದು ವರ್ಷ ಆಯ್ತು ಅಂತ ನಕ್ಕಿದ್ರು. ಅಣ್ಣಪ್ಪ, ಅಪ್ಪಣ್ಣ, ತಮ್ಮಣ್ಣ ಅಂತ ಹೆಸರಿರುವ ಎಲ್ರಿಗೂ ಇದು ಇದ್ದದ್ದೇ.

ಒಬ್ಬನೇ ಮಗ ಇದ್ರೆ ಈ ಹೆಸರು ಇಡಬಹುದಾ?

ಇಡ್ಲಿಕ್ಕೆ ಯಾರು ಬೇಡ ಅಂತಾರೆ. ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ ಸ್ವಲ್ಪ ಕಾದು ನೋಡಿ. ಚಂದ ಕೇಳ್ತದೆ, ಅಪರೂಪ ಉಂಟು, ಇನ್‌ಸ್ಟಾಗ್ರಾಮಲ್ಲಿ ಯಾರಿಗೂ ಇಲ್ಲ ಅಂತ ಇಟ್ರೆ ಅದು ಗೋಡೆಗೆ ಹಳೇ ನೊಗ ತೂಗು ಹಾಕಿದ ಹಾಗೆ ಆಗ್ತದೆ.

ನಮ್ಮನ್ನೂ ಇದೇ ಕೇಳಿದ್ರು, ನಾನು ಸುಳ್ಳು ಹೇಳೋದಿಲ್ಲ. ಅಜ್ಜ ತೀರಿಹೋದ ಮೂರು ತಿಂಗಳಿಗೆ ಮಗು ಹುಟ್ಟಿತು, ಮೇಲೆ ಒಬ್ಬ ಅಣ್ಣ ಇದ್ದ, ಕೆಳಗೆ ಯಾರೂ ಇರ್ಲಿಲ್ಲ. ಅಮ್ಮನೇ ಹೇಳಿದ್ಲು, ಅಣ್ಣ ಅಂತ ಕರೀಲಿಕ್ಕೆ ಜನ ಇಲ್ಲ, ಎಂತ ಕಿಂಞಣ್ಣ ಇವ, ಇವ ತಮ್ಮ ಅಷ್ಟೇ ಅಂತ. ಅಕ್ಕ ಮಾತಾಡ್ಲಿಲ್ಲ. ಮನೆಯಲ್ಲಿ ಎರಡೂವರೆ ವರ್ಷ ಅವನನ್ನ ಆ ಹೆಸರಲ್ಲಿ ಕರೆದವರು ಕಡಿಮೆ, ಬಾಬು ಅಂತಲೇ, ಹೆಸರು ಸರ್ಟಿಫಿಕೇಟಲ್ಲಿ ಇತ್ತು ಅಷ್ಟೇ.

ಮತ್ತೆ ಈಗ ಏನಂತ ಕರೀತೀರಿ?

ಈಗ ಅವನಿಗೆ ತಂಗಿ ಬಂದಿದ್ದಾಳೆ, ಒಂದೂವರೆ ವರ್ಷ. ದೊಡ್ಡವನನ್ನ ಅವಳು ಮಲ್ಲಣ್ಣ ಅಂತ ಕರೀಬೇಕು ಅಂತ ನಾವು ಹೇಳಿಕೊಟ್ಟೆವು, ಅದು ಅವಳ ಬಾಯಲ್ಲಿ 'ಮಾಣ' ಆಗಿದೆ. ಇವನಿಗೆ ನಾವು ಎಂತದೂ ಹೇಳಿಕೊಟ್ಟದ್ದಲ್ಲ. ಮೊನ್ನೆ ಜಗಲಿಯಲ್ಲಿ ಕೂತು ಅಕ್ಕ ಅವಳಿಗೆ ಗಂಜಿ ತಿನ್ನಿಸ್ತಿದ್ಲು, ಇವನು ಅವಳ ಪ್ಲಾಸ್ಟಿಕ್ ಕಪ್ಪು ಎತ್ಕೊಂಡು ತೋಟದ ಕಡೆ ಓಡಿದ, ಅವಳು ಬಾಯಲ್ಲಿ ಗಂಜಿ ಇಟ್ಕೊಂಡೇ ಕಿರುಚಿದ್ದು, 'ಞಣ್ಣೇ!'

ಮೊದಲಿನ ಕಿ ಇಲ್ಲ, ಬೇರೆ ಎಲ್ಲ ಉಂಟು. ನಮ್ಮ ಬೆಂಗಳೂರಿನ ಭಾವ ನಾಲ್ಕು ವರ್ಷದಿಂದ ಕಲೀತಿರುವ ಅಕ್ಷರ.

ಅಮ್ಮ ಒಳಗಿಂದ ಬಂದು ಸೊಂಟಕ್ಕೆ ಕೈ ಇಟ್ಟು ನಿಂತು ನೋಡಿದ್ಲು, ಎಂತದೂ ಹೇಳ್ಲಿಲ್ಲ, ಸಂಜೆಯಿಂದ ಬಾಬು ಅಂತ ಕರೆಯೋದು ಬಿಟ್ಲು. ಹುಡುಗನದ್ದೇ ಈಗ ತಕರಾರು. ಯಾರು ಕಿಂಞಣ್ಣ ಅಂತ ಕರೆದ್ರೂ ಮೂಗು ಕೆಂಪು ಮಾಡಿ ಹೇಳ್ತಾನೆ, ನಾನು ಕಿಞ್ಞ ಅಲ್ಲ, ಅವಳು ಕಿಞ್ಞ, ನಾನು ಮಲ್ಲಣ್ಣ.